ಸೇರಣ್ಣ ಬಿಡದ ಜಾಗ

ಗಾಳಿ ಹೋದ ಸ್ಕೂಟರನ್ನು ತಳ್ಳಿಕೊಂಡು ಹೋದರೆ ಒಂದು ಶಬ್ದ ಬರುತ್ತದೆ. ಲಪ್... ಲಪ್... ಲಪ್... ಹಗಲಲ್ಲಿ ಅದು ಕಿವಿಗೇ ಬೀಳುವುದಿಲ್ಲ. ನಡುರಾತ್ರಿಯಲ್ಲಿ, ಹಳೇ ಬಾವಿಯ ತಿರುವಿನಲ್ಲಿ, ಬೀದಿದೀಪವೂ ಕೆಟ್ಟು ನಿಂತಿದ್ದಾಗ, ಹಿಂದಿನಿಂದ ಯಾರೋ ಬರಿಗಾಲಲ್ಲಿ ಬರುತ್ತಿದ್ದಾರೆ ಅನ್ನಿಸುತ್ತದೆ.

ಅವತ್ತು ಹಾಗೆ ಹೋಗುತ್ತಿದ್ದವನು ನಮ್ಮ ಅಂಗಡಿ ಸಾಲಿನ ಕೊನೆಯ ಸ್ಟುಡಿಯೋದವನು. ಎಲ್ಲರೂ ಕರೆಯುವುದು ಸೇರಣ್ಣ ಅಂತ. ಸ್ವಂತ ಹೆಸರು ಬೇರೆ ಇದೆ, ಆದರೆ ಅದು ಅವನ ಹೆಂಡತಿಗೂ ತಟ್ಟನೆ ನೆನಪಾಗುವುದಿಲ್ಲ. ಮದುವೆಗಳಲ್ಲಿ ಗ್ರೂಪ್ ಫೋಟೊ ತೆಗೆಯುವಾಗ 'ಸೇರಿ, ಸೇರಿ, ಜಾಗ ಬಿಡಬೇಡಿ' ಅಂತ ಕೂಗಿ ಕೂಗಿ ಅಂಟಿಕೊಂಡ ಹೆಸರು ಅದು.

ಹೆದರುವ ಆಸಾಮಿಯಲ್ಲ. ಫಿಲ್ಮಿನ ಕಾಲದಲ್ಲಿ ಕತ್ತಲಕೋಣೆಯೊಳಗೇ ಪ್ರಾಯ ಕಳೆದವನು. ಆದರೂ ಅವತ್ತು ಅವನು ಹೆದರಿದ್ದ. ಬಾವಿಗಲ್ಲ. ಹೆಗಲ ಚೀಲದ ಕ್ಯಾಮೆರಾದಲ್ಲಿದ್ದ ಒಂದು ಫೋಟೊಗೆ.

ಬೆಳಿಗ್ಗೆಯಿಂದ ಹೇಳಿದರೇ ಇದು ಅರ್ಥವಾಗುವುದು.

ಬೆಳಕು ಹರಿಯುವಾಗಲೇ ಅವನು ಮದುವೆ ಹಾಲ್‌ನಲ್ಲಿದ್ದ. ಹುಡುಗಿ ಕನ್ನಡಿಯ ಮುಂದೆ ಕೂತಿದ್ದಳು. ಅವಳ ಚಿಕ್ಕಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಳು.

"ಅಣ್ಣ, ನನ್ನ ಮೂಗು ದಪ್ಪ ಬರಬಾರದು, ಈಗಲೇ ಹೇಳಿದೀನಿ" ಅಂದಳು ಹುಡುಗಿ.

"ಇರೋದನ್ನ ತಾನೆ ನಾನು ತೆಗಿಯೋದು? ಮೂಗಿನ ತಕರಾರೆಲ್ಲ ನಿಮ್ಮಪ್ಪನ ಹತ್ರ ಇಟ್ಕೊಮ್ಮ."

ಚಿಕ್ಕಮ್ಮ ನಕ್ಕಾಗ ಪಿನ್ನೆಲ್ಲ ಹುಡುಗಿಯ ಮಡಿಲಿಗೆ ಉದುರಿತು. ಆ ನಗುವನ್ನು ಅವನು ಕ್ಯಾಮೆರಾದಲ್ಲಿ ಹಿಡಿದುಕೊಂಡ. ಅಷ್ಟರಲ್ಲಿ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕರೆದರು. ಹೊರಗೆ, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಮರೆಗೆ ಕರಕೊಂಡು ಹೋದರು.

"ಅಣ್ಣ, ಎಲ್ಲರೂ ನಿಂತ ಫೋಟೊದಲ್ಲಿ ಮಗಳ ಎಡಗಡೆ ಒಬ್ಬರು ನಿಲ್ಲೋಷ್ಟು ಜಾಗ ಬಿಡಿ."

"ಯಾರಿಗಕ್ಕಾ?"

"ನನ್ನ ಮಗನಿಗೆ."

ಮಗ ಹೋಗಿ ಎರಡು ವರ್ಷವಾಗಿತ್ತು. ಹಳೇ ಬಾವಿಯ ತಿರುವಿನಲ್ಲಿ ಬೈಕು ಜಾರಿತ್ತು, ಅಷ್ಟೇ. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಮನೆಯವರು ಅದನ್ನು ಹೇಳಿರಲಿಲ್ಲ. ಮೊಮ್ಮಗ ಹಡಗಿನ ಕೆಲಸಕ್ಕೆ ಹೋಗಿದ್ದಾನೆ, ದೂರದ ಸಮುದ್ರದಲ್ಲಿದ್ದಾನೆ ಅಂದಿದ್ದರು. ಒಂದು ಸುಳ್ಳನ್ನು ಎರಡು ವರ್ಷ ಸಾಕುವುದು ಸುಲಭವಲ್ಲ. ತಂಗಿಯ ಮದುವೆಗೆ ಬಂದು ಹಾಲ್‌ನಿಂದಲೇ ವಾಪಸು ಹಡಗಿಗೆ ಹೋಗುತ್ತಾನೆ ಅಂತಲೂ ಹೇಳಿಬಿಟ್ಟಿದ್ದರು.

"ನಮ್ಮತ್ತೆ ಅನ್ನ ಬಿಟ್ಟು ವಾರ ಆಯ್ತು. ಎಲ್ಲಾ ಮಕ್ಕಳೂ ಒಟ್ಟಿಗೆ ನಿಂತಿರೋ ಫೋಟೊ ನೋಡಿ ಹೋಗ್ತೀನಿ ಅಂತ ಜೀವ ಹಿಡ್ಕೊಂಡಿದಾರೆ. ಅವನು ಅದರಲ್ಲಿ ಇಲ್ಲದಿದ್ರೆ..." ಆಕೆ ಸೆರಗಿನಿಂದ ಒಂದು ಹಳೇ ಫೋಟೊ ತೆಗೆದು ಅವನ ಕೈಗಿಟ್ಟರು. ಅಂಗಳದಲ್ಲಿ ನಿಂತ ಹುಡುಗ, ಅದೇ ದಪ್ಪ ಮೂಗು. "ನಾಳೆ ಬೆಳಿಗ್ಗೆ ಬೇಕು. ಆಗುತ್ತಾ?"

"ಆಗುತ್ತೆ. ನನಗೆ ಬಿಡಿ."

ಬಾಯಿಮಾತಿಗೆ ಅಂದದ್ದಲ್ಲ. ಮದುವೆಗೆ ಬರಲಾಗದವರನ್ನು ಆಮೇಲೆ ಕಂಪ್ಯೂಟರಿನಲ್ಲಿ ತಂದು ನಿಲ್ಲಿಸುವುದು ಆ ಕಸುಬಿನಲ್ಲಿ ಇದ್ದದ್ದೇ. ಜಾಗ ಬಿಟ್ಟಿದ್ದರೆ ಸಾಕು. ಬಿಡದಿದ್ದರೆ ಒಬ್ಬರ ಭುಜ ಇನ್ನೊಬ್ಬರ ಎದೆಯ ಮೇಲಿರುತ್ತದೆ. ಬಿಡಿಸಲು ಹೋದರೆ ಅರ್ಧರ್ಧ ಮನುಷ್ಯರು ಉಳಿಯುತ್ತಾರೆ.

ಆಮೇಲೆ ಇಡೀ ದಿನ ಅವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಗಂಡನ್ನು ಅವನ ಗೆಳೆಯರು ಎತ್ತಿ ಹಾರಿಸಿ ಫೋಟೊ ತೆಗೆಸಿಕೊಂಡರು. ಹುಡುಗಿಯ ಸೋದರಮಾವನೊಬ್ಬ ಕರೆಯದೆಯೇ ಎಲ್ಲ ಫೋಟೊದಲ್ಲೂ ಬಂದು ನಿಂತ. ಅಂತೂ ಬಿಸಿಲು ಇಳಿಯುವ ಹೊತ್ತಿಗೆ ಇಡೀ ಕುಟುಂಬ ಹಾಲ್‌ನ ಜಗಲಿಗೆ ಬಂತು. ಹಿರಿಯರು ಮುಂದೆ ಕುರ್ಚಿಯಲ್ಲಿ, ಉಳಿದವರು ಹಿಂದೆ ಗೋಡೆಗೆ ಬೆನ್ನು ಕೊಟ್ಟು, ಎರಡು ಕಂಬಗಳ ನಡುವೆ.

ಸೇರಣ್ಣ ತಾನೇ ಹೋಗಿ ಹುಡುಗಿಯ ಎಡಗಡೆ ಜಾಗ ಮಾಡಿದ. "ಇಲ್ಲಿ ಖಾಲಿ ಇರಲಿ" ಅಂದ. ಅವಳು ತಲೆ ತಗ್ಗಿಸಿ ಹೂಂ ಅಂದಳು. ಅವಳಿಗೆ ಗೊತ್ತಿತ್ತು.

ಬಂದು ಸ್ಟೂಲ್ ಹತ್ತಿದ. ಬೆಳಕು ಓಡುತ್ತಿತ್ತು. "ಬೇಗ ಮುಗ್ಸಪ್ಪ, ಹೊಟ್ಟೆ ಬೆನ್ನಿಗಂಟಿದೆ" ಅಂತ ಮಾವ ಗೊಣಗಿದ. ಅವನು ನಿಂತಿದ್ದದ್ದು ತುದಿಯಲ್ಲಿ, ಅರ್ಧ ದೇಹ ಕಂಬದ ಹಿಂದೆ. ಸೇರಣ್ಣನ ಕಣ್ಣು ಕ್ಯಾಮೆರಾದಲ್ಲಿತ್ತು, ಗಮನವೆಲ್ಲ ಕಂಬದ ಹಿಂದಿನ ಮಾವನ ಮೇಲಿತ್ತು. ಬಾಯಿ ತನ್ನಷ್ಟಕ್ಕೆ ಮೂವತ್ತು ವರ್ಷದ ಕೆಲಸ ಮಾಡಿತು.

"ಸೇರಿ, ಸೇರಿ, ಜಾಗ ಬಿಡಬೇಡಿ."

ಎಲ್ಲರೂ ಸೇರಿದರು. ಮಗುವನ್ನು ಎತ್ತಿಕೊಂಡಿದ್ದ ದೊಡ್ಡಪ್ಪನ ಮಗಳು ಸರಿದು ಮದುಮಗಳಿಗೆ ಅಂಟಿ ನಿಂತಳು. ಮಾವ ಕಂಬದಿಂದ ಪೂರ್ತಿ ಈಚೆ ಬಂದ. ಚಕ್. ಗಂಡಿನ ಕಡೆಯವರು ಕಾರು ಬಂತು ಅಂದರು. ಸಾಲು ಚದುರಿತು.

ಅದು ಅವನಿಗೆ ತಿಳಿದದ್ದು ರಾತ್ರಿ, ಲೈಟ್ ಸ್ಟ್ಯಾಂಡ್ ಮಡಿಸುವಾಗ. ಸುಮ್ಮನೆ ಕ್ಯಾಮೆರಾದ ಪರದೆ ನೋಡಿದ. ಮತ್ತೆ ನೋಡಿದ. ದೊಡ್ಡದು ಮಾಡಿ ನೋಡಿದ. ಎಡಗಡೆ ಬೆರಳು ತೂರುವಷ್ಟು ಸಂದೂ ಇರಲಿಲ್ಲ. ತುದಿಗಳಲ್ಲಿ ನಿಲ್ಲಿಸೋಣವೆಂದರೆ ಎರಡೂ ಕಡೆ ಕಂಬ. ಹುಡುಗಿ ಹೋಗಿಯಾಗಿತ್ತು. ನೆಂಟರಲ್ಲಿ ಅರ್ಧ ಜನ ಬಸ್ ಹತ್ತಿದ್ದರು.

ಹಿಂದೆ ತಾಯಿ ಬಂದು ನಿಂತಿದ್ದರು.

"ಜಾಗ ಬಿಟ್ರಲ್ಲಾ?"

"ಬಿಟ್ಟಿದೀನಕ್ಕ. ಬೆಳಿಗ್ಗೆ ತರ್ತೀನಿ."

ಆಗುವುದಿಲ್ಲ ಅನ್ನುವುದಕ್ಕಿಂತ ಆಗುತ್ತೆ ಅನ್ನುವುದು ಗಿರಾಕಿಯ ಮುಂದೆ ಯಾವಾಗಲೂ ಸಲೀಸು. ಆಮೇಲಿನದ್ದೇ ಕಷ್ಟ.

ಹಾಗೆ ಹೊರಟವನ ಸ್ಕೂಟರ್ ಅರ್ಧ ದಾರಿಯಲ್ಲಿ ಗಾಳಿ ಬಿಟ್ಟಿತು. ಲಪ್... ಲಪ್... ಬಾವಿಯ ಹತ್ತಿರ ಬಂದಾಗ ನಿಂತ. ಸ್ಟ್ಯಾಂಡ್ ಹಾಕಿ ಬಾವಿಕಟ್ಟೆಯ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಕ್ಯಾಮೆರಾದ ಬ್ಯಾಟರಿಯನ್ನು ಹಾಲ್‌ನಲ್ಲೇ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಅದು ಅವನ ರೂಢಿ. ಹುಡುಗನ ಹಳೇ ಫೋಟೊ ಅದೇ ಜೇಬಿನಲ್ಲಿತ್ತು.

"ತಪ್ಪಾಯ್ತು ಕಣಪ್ಪ" ಅಂದ, ಕತ್ತಲಿಗೆ. "ನಿನ್ನ ಜಾಗ ನಾನೇ ಮುಚ್ಚಿಬಿಟ್ಟೆ. ನಿಮ್ಮಜ್ಜಿಗೆ ಏನು ತೋರಿಸ್ಲಿ ನಾನು..."

ಸರಕ್.

ಬಾವಿಯ ಆಚೆ ಮಗ್ಗುಲಲ್ಲಿ. ಹೊಸ ಬಟ್ಟೆಗೆ ಹೊಸ ಬಟ್ಟೆ ಉಜ್ಜಿದ ಶಬ್ದ. ಸರಕ್... ಸರಕ್... ಆಮೇಲೆ ಚಪ್ಪಲಿಗಳು ನೆಲ ಕೆರೆದವು. ಒಂದಲ್ಲ, ಬಹಳ. ಎಲ್ಲವೂ ಅರ್ಧ ಹೆಜ್ಜೆ. ಒಂದು ಮಗು ಸಣ್ಣಗೆ ಕೆಮ್ಮಿತು. ಬೇರೆಯವರಿಗಾದರೆ ಅದೇನೆಂದು ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಕೇಳಿದವನಿಗೆ ತಿಳಿಯಿತು. ಫೋಟೊಗೆ ನಿಂತ ಜನ ಒಬ್ಬರಿಗೊಬ್ಬರು ಸರಿದುಕೊಳ್ಳುವ ಶಬ್ದ ಅದು.

ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಸ್ವಲ್ಪ ಸರೀರಿ..." ಯಾರೋ ಪಿಸುಗುಟ್ಟಿದರು. ಹುಡುಗನ ದನಿ. ತಡವಾಗಿ ಓಡಿ ಬಂದವನ ಹಾಗೆ ಏದುಸಿರು.

ಎಲ್ಲ ನಿಂತಿತು. ಆಮೇಲೆ, ಅವನ ತೊಡೆಯ ಮೇಲೆ, ಜಿಪ್ ಹಾಕಿದ ಚೀಲದೊಳಗೆ...

ಚಕ್.

ಸ್ಕೂಟರ್ ಅಲ್ಲೇ ಉಳಿಯಿತು. ಅವನು ಸ್ಟುಡಿಯೋದ ಷಟರ್ ಎತ್ತಿದ್ದು ಹೇಗೆಂದು ಅವನಿಗೇ ನೆನಪಿಲ್ಲ. ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಹುಡುಕಿದ. ಗ್ರೂಪ್ ಫೋಟೊ ಒಂದೇ ಇತ್ತು, ಸಂಜೆಯದ್ದೇ. ಅದೇ ಇಳಿಬಿಸಿಲು, ಅವೇ ಮುಖಗಳು. ಆದರೆ ಮದುಮಗಳ ಎಡಗಡೆ ಒಂದಾಳು ಜಾಗ. ಮಗುವಿನವಳು ಅತ್ತ ಸರಿದಿದ್ದಳು, ಅವಳಾಚೆಯವರೂ ಸರಿದಿದ್ದರು. ಆ ತುದಿಯ ಮಾವ ಮತ್ತೆ ಅರ್ಧ ಕಂಬದ ಹಿಂದೆ ಹೋಗಿದ್ದ.

ತನಗೆ ಹುಚ್ಚು ಹಿಡಿದಿದೆಯೋ ನೋಡೋಣವೆಂದು ಕಾಗದಕ್ಕೆ ಒಂದು ಪ್ರಿಂಟ್ ತೆಗೆದ. ಅದರಲ್ಲೂ ಜಾಗ ಹಾಗೇ ಇತ್ತು. ಸರಿ, ಬಂದದ್ದು ಬಂತು, ಕೆಲಸ ಮುಗಿಸೋಣವೆಂದು ಹುಡುಗನ ಹಳೇ ಫೋಟೊ ಜೇಬಿನಿಂದ ತೆಗೆಯುವಾಗ ಕರೆಂಟ್ ಹೋಯಿತು. ಬೆಳಗಾದರೂ ಬರಲಿಲ್ಲ. ಬಂದದ್ದು ಫೋನು.

"ಅಣ್ಣ, ಅತ್ತೆ ಉಸಿರು ಸಣ್ಣಗಾಗಿದೆ. ಹೇಗಿದೆಯೋ ಹಾಗೇ ತಗೊಂಡು ಬನ್ನಿ."

ಹೋದ. ಔಷಧಿ ವಾಸನೆಯ ಸಣ್ಣ ಕೋಣೆ. ತಾಯಿ ಬಾಗಿಲಲ್ಲೇ ಫೋಟೊ ಕಸಿದುಕೊಂಡರು. ಅವರ ಮುಖ ಬಿಳಿಚಿಕೊಂಡಿತು.

"ಖಾಲಿ ಇದೆಯಲ್ಲಣ್ಣ..."

"ಅಕ್ಕ, ಕರೆಂಟು..."

"ಏನದು ಗುಸುಗುಸು?" ಒಳಗಿಂದ ಅಜ್ಜಿ. "ತಾ ಇಲ್ಲಿ."

ಕೊಡದೆ ಬೇರೆ ದಾರಿ ಇರಲಿಲ್ಲ. ಅಜ್ಜಿ ಫೋಟೊವನ್ನು ಮೂಗಿನ ಹತ್ತಿರ ಹಿಡಿದರು. ಹೆಬ್ಬೆರಳು ಒಬ್ಬೊಬ್ಬರ ಮೇಲೂ ಸರಿಯಿತು. ಗಂಡು... ಹುಡುಗಿ... ಬೆರಳು ನಿಂತಿತು. ತಾಯಿ ಗೋಡೆ ಹಿಡಿದುಕೊಂಡರು.

"ಸೊರಗಿದಾನೆ" ಅಂದರು ಅಜ್ಜಿ. "ಹಡಗಲ್ಲಿ ಹೊಟ್ಟೆಗೆ ಹಾಕಲ್ವಾ?"

ತಾಯಿ ಬಗ್ಗಿ ಫೋಟೊ ನೋಡಿದರು.

"ತಂಗಿ ಹೆಗಲ ಮೇಲೆ ಕೈ ಹಾಕಿದಾನೆ ನೋಡು, ದೊಡ್ಡ ಮನುಷ್ಯ. ಜುಟ್ಟು ಎಳೆದು ಅಳಿಸ್ತಿದ್ದೋನು." ಆಮೇಲೆ ನೀರು ಕೇಳಿ ಎರಡು ಚಮಚ ಕುಡಿದರು. ಫೋಟೊವನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ.

ಅಜ್ಜಿಯ ಕಣ್ಣು ಮಂಜು, ಏನೋ ಕಂಡಿರಬೇಕು ಅನ್ನಬಹುದು. ಅನ್ನಿ. ನಾನೂ ಅಂದಿದ್ದೆ. ಸರಕು ನೋಡದೆ ಮಾತಾಡುವ ಚಾಳಿ ನನಗಿಲ್ಲ, ಹಾಗಾಗಿ ಹೋಗಿ ನೋಡಿಕೊಂಡು ಬಂದೆ. ಫೋಟೊ ಆ ಮನೆಯ ಗೋಡೆಯ ಮೇಲಿದೆ, ಜಾಗ ಖಾಲಿಯೇ ಇದೆ. ಯಾರನ್ನೂ ಅದರಲ್ಲಿ ತಂದು ನಿಲ್ಲಿಸಬೇಡಿ ಅಂತ ತಾಯಿಯೇ ಹೇಳಿದರಂತೆ.

ಮದುಮಗಳ ಬಲಗಡೆ ಗಂಡ ನಿಂತಿದ್ದಾನೆ, ಎರಡೂ ಕೈ ಮುಂದೆ ಕಟ್ಟಿಕೊಂಡು. ಎಡಗಡೆ ಖಾಲಿ ಜಾಗದಾಚೆ ನಿಂತವಳ ಎರಡೂ ಕೈಯಲ್ಲಿ ಮಗು. ಹಿಂದೆ ಬರೀ ಗೋಡೆ. ಹುಡುಗಿಯ ಎಡ ಹೆಗಲ ಮೇಲೆ ಮಾತ್ರ ಬಟ್ಟೆ ಒತ್ತಿ ಕೂತಿದೆ, ನಾಲ್ಕು ಬೆರಳಿನ ಅಗಲಕ್ಕೆ.