ಮೂರು ಸಲ ಹಾರ್ನ್

ಸುರಂಗ ರೈಲಿನ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ನನ್ನ ಮುಂದೆ ಇಬ್ಬರು ರೈಲು ಚಾಲಕರು: ತಲೆ ನರೆತ ಒಬ್ಬರು, ಹೊಸದಾಗಿ ಸೇರಿದ ಹುಡುಗಿ ಒಬ್ಬಳು.

"ಅಣ್ಣಾ, ನಿನ್ನೆ ತಿರುವಿನಲ್ಲಿ ನನ್ನ ರೈಲು ನಿಂತೇ ಹೋಯ್ತು. ರೇಡಿಯೊದಲ್ಲಿ ಕೂಗಿ ಕೂಗಿ ಗಂಟಲು ಕಟ್ಟೋಯ್ತು, ಕಂಟ್ರೋಲ್ ರೂಮಲ್ಲಿ ಯಾರೂ ಹೂಂ ಅನ್ನಲಿಲ್ಲ."

"ಆ ತಿರುವಲ್ಲಿ ರೇಡಿಯೊ ಸತ್ತು ಎರಡು ವರ್ಷ ಆಯ್ತಲ್ಲಮ್ಮ."

"ದಿನಾ ಪರೀಕ್ಷೆ ಮಾಡಿ ಸರಿಯಿದೆ ಅಂತ ಬರೀತಾರಲ್ಲ?"

"ಪರೀಕ್ಷೆ ಮಾಡೋದು ಪ್ಲಾಟ್‌ಫಾರಂ ಮೇಲೆ. ಅಲ್ಲಿ ಚೆನ್ನಾಗೇ ಕೇಳಿಸುತ್ತೆ."

"ತಿರುವಿಗೇ ಹೋಗಿ ನೋಡಬಾರದಾ?"

"ಒಬ್ರು ಸಾಹೇಬ್ರು ಹೋಗಿದ್ರು. ರೇಡಿಯೊ ಸತ್ತಿದೆ ಅಂತ ಅಲ್ಲಿಂದ ರೇಡಿಯೊದಲ್ಲೇ ಹೇಳಿದ್ರಂತೆ. ಇಲ್ಲಿ ಯಾರಿಗೂ ಕೇಳಿಸಲಿಲ್ಲ. ದೂರು ಬಂದಿಲ್ಲ ಅಂತ ಬರ್ಕೊಂಡ್ರು."

"ಮತ್ತೆ ನೀವೆಲ್ಲ ಏನು ಮಾಡ್ತೀರಿ?"

"ಉದ್ದಕ್ಕೆ ಮೂರು ಸಲ ಹಾರ್ನ್ ಹೊಡೀತೀವಿ. ಪ್ಲಾಟ್‌ಫಾರಂ ಗುಡಿಸೋ ಅಕ್ಕ ಕೇಳಿಸ್ಕೊಂಡು, ಪೊರಕೆ ಬಿಸಾಕಿ ಸ್ಟೇಷನ್ ಮಾಸ್ಟರ ಹತ್ರ ಓಡ್ತಾಳೆ. ಅವರು ಹಿಂದೆ ಬರೋ ರೈಲು ನಿಲ್ಲಿಸ್ತಾರೆ."

"ಅಯ್ಯೋ, ನಂಗೆ ಯಾರೂ ಹೇಳಲೇ ಇಲ್ಲ! ನಿನ್ನೆ ನನ್ನ ಹಿಂದೆ ಬರ್ತಿದ್ದ ರೈಲನ್ನ ಯಾರು ನಿಲ್ಲಿಸಿದ್ರು?"

"ಯಾರೂ ಇಲ್ಲ. ಅದು ನಂದೇ. ಪುಣ್ಯಕ್ಕೆ ಬಾಗಿಲು ಕೆಟ್ಟು ನಿಲ್ದಾಣದಲ್ಲೇ ಉಳ್ಕೊಂಡೆ."

"ಆಗ್ಲಿ, ಇವತ್ತು ನಿಂತ್ರೆ ನಾನೂ ಮೂರು ಸಲ ಹೊಡೀತೀನಿ."

"ಇವತ್ತು ಹೊಡೆದು ಉಪಯೋಗ ಇಲ್ಲಮ್ಮ. ಅಕ್ಕ ಮಗಳ ಮದುವೆಗೆ ರಜೆ ಹಾಕಿದ್ದಾಳೆ."

ಹುಡುಗಿ ಗಡಿಯಾರ ನೋಡಿ, ಅರ್ಧ ಲೋಟ ಚಹಾ ಹಾಗೇ ಬಿಟ್ಟು ರೈಲಿನ ಕಡೆ ಇಳಿದಳು. ಅವರೂ ಹಿಂದೆಯೇ ಹೋದರು. ಹುಡುಗಿಯ ರೈಲಿಗೇ ಟಿಕೆಟ್ ತೆಗೆದಿದ್ದ ನಾನು ಇನ್ನೊಂದು ಚಹಾ ಹೇಳಿದೆ.