ಸೆರಗಿನ ವಿಡಿಯೋ

ಉಮದಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ, ಫೋನು ಹಿಡಿದ ಮಗ. ನಡುವೆ ಸೊಸೆ.

“ನೋಡು ಯವ್ವಾ, ನಾಕೂ ವಿಡಿಯೋದಾಗ ನಿನ್ನ ಸೆರಗಷ್ಟ ಐತಿ!”

“ಫಿಟ್ಸ್ ಬಂದಾಗ ಹೆಣ್ಮಗಳ ಮಾರಿ ಮಂದಿಗಿ ತೋರಸ್ತಾರೇನೋ?”

“ಡಾಕ್ಟರಿಗಿ ತೋರಸಬೇಕು. ಮೈಯಾಗ ರೋಗ ತಡಿಯೋ ಶಕ್ತಿನ ತಿರುಗಿಬಿದ್ದು ಮೆದುಳಿಗಿ ಬಾವು ತಂದೈತಿ ಅಂತ ಅವರಿಗಿ ಸಂಶೆ. ಮಾರಿ, ಕೈ ಕೂಡೇ ಸೆಟಿಯೂದು ನೋಡಬೇಕಂತ.”

“ಎಷ್ಟ ಸಲ ತೋರಸೂದು?”

“ಒಮ್ಮಿನೂ ತೋರಿಸಿಲ್ಲ! ನೀ ಎಲ್ಲಿ ಬಿಟ್ಟಿ?”

ವಿಜಯಪುರದ ಬಸ್ಸು ಬಂತು. ಎದ್ದು ನಿಂತ ಸೊಸೆಯ ಬಾಯಿ ಸೊಟ್ಟಗಾಗಿ, ಎಡಗೈ ಸೆಟೆಯಿತು. ತಾಯಿಯ ಕೈ ತನ್ನ ಸೆರಗಿಗೆ ಹೋಯಿತು.

“ಯವ್ವಾ!”

ತಾಯಿ ನಮ್ಮತ್ತ ಬೆನ್ನು ಮಾಡಿ, ಸೆರಗನ್ನು ಪರದೆಯಂತೆ ಅಗಲಿಸಿ ಹಿಡಿದಳು.

“ಲಗೂನ ವಿಡಿಯೋ ತಗಿಯೋ. ನಾ ಮಂದಿಗಿ ಅಡ್ಡ ನಿಂತೀನಿ.”

ಆ ಮಂದಿಯಲ್ಲಿ ನಾನೂ ಇದ್ದೆ. ಮುಖ ತಿರುಗಿಸಿದೆ. ಮತ್ತೆ ನೋಡುವಷ್ಟರಲ್ಲಿ ಸೆಳೆತ ನಿಂತು, ಮೂವರೂ ಬಸ್ಸು ಹತ್ತಿದ್ದರು.