ಬಾಳೆಲೆ ಸುತ್ತಿದ ಬ್ಯಾಟ್ರಿ

...ಆ ಹುಲಿ ವಿಷ್ಯ ಬಿಡ್ರೋ ಹುಡುಗ್ರಾ, ಬ್ಯಾಟ್ರಿ ಬೆಳಕು ಕಣ್ಣಿಗೆ ಬಿದ್ದ ಕೂಡ್ಲೆ ನಂಗೆ ನಮಸ್ಕಾರ ಹಾಕಿ ಹೋಯ್ತು, ಅದೇನು ದೊಡ್ಡದಲ್ಲ. ದೊಡ್ಡದು ಅಂದ್ರೆ ಆ ಮಳೆಗಾಲ. ಅಂಕೋಲೆಲಿ ಉಪ್ಪಿನ ಸತ್ಯಾಗ್ರಹದ ಗಲಾಟೆ ಆಗಿ ಮರುವರ್ಷ, ಅಲ್ಲ, ಅದರ ಮರುವರ್ಷ. ರಾಮನಗುಳಿ ಹತ್ರ ಗಂಗಾವಳಿ ಆಚೆ ದಡದಲ್ಲಿ ಸಾಹುಕಾರ್ರು ಕಡಿಸಿದ ಮರದ ನಾಟಾ ರಾಶಿ ಕಾಯೂಕೆ ನಾ ಒಬ್ನೇ, ಈಚೆ ದಡದ ಮನೇಲಿ ಅವ್ವ ಒಬ್ಳೇ. ಹೊಳೆ ತುಂಬಿ ದೋಣಿ ನಿಂತೋಯ್ತು. ಮಾತಾಡೂಕೆ ಒಂದು ನರಪಿಳ್ಳೆ ಇಲ್ಲ, ಗೊತ್ತಾಯ್ತಾ, ನಾಟಾಗೇ ಹೆಸರಿಟ್ಟಿದ್ದೆ. 'ಏ ದಪ್ಪಣ್ಣಾ, ಗಂಜಿ ಉಂಡ್ಯಾ?' ಅಂತ ಕೇಳೂದು. ಅದು ಎಲ್ಲಿ ಹೇಳ್ತದೆ!

ನಾ ಹೊರಡುವಾಗ್ಲೇ ಅವ್ವ ಹೇಳಿದ್ಳು, 'ಸಂಜಿಗೆ ನಾ ಒಣ ತೆಂಗಿನ ಗರಿ ಕಟ್ಟಿ ಸೂಡಿ ಹೊತ್ಸಿ ಬೀಸ್ತೆ, ನೀ ಬ್ಯಾಟ್ರಿ ಬಿಡು. ಬೆಳಕು ಕಾಣ್ಲಿಲ್ಲ ಅಂದ್ರೆ ನಾನೇ ಹೊಳೆ ಇಳಿದು ಬರ್ತೆ.' ಬ್ಯಾಟ್ರಿ ಸಾಹುಕಾರ್ರು ಕಾರವಾರ ಪೇಟೆಯಿಂದ ತಂದು ಕೊಟ್ಟದ್ದು. ಅದರ ಬೆಳಕು ನೋಡಿ ಅರ್ಗಾ ಕಡಲಲ್ಲಿ ಒಬ್ಬ ಹಡಗೇ ತಿರುಗ್ಸಿದ್ನಂತೆ, ಸುಳ್ಳಲ್ಲ. ಆದ್ರೆ ಮಳೆ ಥಂಡಿಗೆ ಉಪ್ಪು ನೀರಾಯ್ತು, ತಂಬಾಕು ಬೂಸಲು ಹಿಡೀತು. ನಮ್ಮಲ್ಲಿ ಎಲ್ಲಾ ಬಾಳೆಲೆ ಸುತ್ತಿಡೂದಲ್ವಾ, ಉಪ್ಪು ಸುತ್ತಿದೆ, ತಂಬಾಕು ಸುತ್ತಿದೆ, ಬ್ಯಾಟ್ರಿ ಒಳಗಿನ ಎರಡು ಸೆಲ್ಲಿಗೂ ಎಲೆ ಬಾಡ್ಸಿ, ನೆತ್ತಿ ಬುಡ ಸಮೇತ ಚೆಂದಾಗಿ ಸುತ್ತಿ ತುರುಕ್ದೆ. ಇಷ್ಟು ಬುದ್ಧಿ ಯಾರಿಗೆ ಬರ್ತದೆ ಹೇಳಿ!

ಸಂಜೆ ಅವ್ವನ ದಡದಲ್ಲಿ ಸೂಡಿ ಆಡ್ತು. ನಾ ಗುಂಡಿ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಇಲ್ಲ! ಬೆಂಕಿ ಮಾಡ್ವಾ ಅಂದ್ರೆ ಕಡ್ಡಿಪೆಟ್ಟಿಗೆ ಪೂರಾ ಒದ್ದೆ. 'ಅವ್ವಾ, ನಾ ಇಲ್ಲೇ ಇದ್ದೆ!' ಅಂತ ಕೂಗ್ದೆ, ಹೊಳೆ ಗದ್ದಲಕ್ಕೆ ನನ್ನ ಕಿವಿಗೇ ಕೇಳ್ಲಿಲ್ಲ. ಸೂಡಿ ಬೆಳಕು ದಡ ಇಳೀತಾ ನೀರಿಗೇ ಬಂತು. ಬುಡದ ಮುಚ್ಚಳ ತಿರ್ಪಿದೆ, ಒಂದು ಸೆಲ್ಲಿನ ಎಲೆ ಹರಿದೆ. ಇಲ್ಲ. ಇನ್ನೊಂದರದ್ದೂ ಹರಿದು ಹಾಕಿ ಮುಚ್ಚಳ ಬಿಗಿದೆ, ಫಕ್ ಅಂತ ಹೊತ್ಕಂತು ನೋಡಿ! ಸೂಡಿ ಅಲ್ಲೇ ನಿಂತ್ತು. ಮೇಲೆ ಕೆಳಗೆ ಆಡ್ತು. ನಿಧಾನ ದಡ ಹತ್ತಿ ಹೋಯ್ತು. ಮತ್ತೆ ನಾ ಒಬ್ನೇ.

ಆ ಮಳೆಗಾಲ ಪೂರ್ತಿ ನಂಗೆ ಅದೇ ಶಾಲೆ, ಬಿಚ್ಚೂದು, ಕೂಡ್ಸೂದು. ಸೆಲ್ಲಿನ ನೆತ್ತಿ ಬಲ್ಬಿನ ಬುಡಕ್ಕೆ ತಾಗಬೇಕು, ಹಿಂದಿನ ಸೆಲ್ಲಿನ ನೆತ್ತಿ ಮುಂದಿನದರ ಬುಡಕ್ಕೆ, ಕಡೇ ಬುಡ ಮುಚ್ಚಳದ ಸ್ಪ್ರಿಂಗಿಗೆ. ಕರೆಂಟು ಬಲ್ಬಿನೊಳಗೆ ಹಾದು, ತಗಡಿನ ಮೈ ಹಿಡಿದು, ಸ್ಪ್ರಿಂಗಿನ ಮೇಲಿಂದ ಸೆಲ್ಲಿಗೇ ತಿರುಗಿ ಬರ್ತದೆ. ಎಲ್ಲೇ ಒಂದು ಎಲೆಯಷ್ಟು ಅಡ್ಡ ಬಂದ್ರೂ ಹೊರಡೂದೇ ಇಲ್ಲ ಮಾರಾಯ, ಅಷ್ಟು ಹಟ. ಗುಂಡಿ ಅಂದ್ರೆ ಗದ್ದೆ ಬೇಲಿ ತಡಮೆ ಇದ್ದಂಗೆ, ತೆಗೆದ್ರೆ ದಾರಿ, ಹಾಕಿದ್ರೆ ಇಲ್ಲ. ಒಳಗೊಂದು ಹಿತ್ತಾಳೆ ಪಟ್ಟಿ, ಒತ್ತಿದ್ರೆ ತಗಡಿಗೆ ತಾಗಿ ದಾರಿ ಕೂಡ್ತದೆ, ಬಿಟ್ರೆ ಕಡೀತದೆ. ಬೆಳಕು ಸತ್ತದ್ದಲ್ಲ, ದಾರಿ ಕಡಿದದ್ದು.

ಅದ್ಕೇ ಹೇಳ್ತೆ, ಎಲ್ಲಿಗಾದ್ರೂ ಹೋಗಿ, ತಿರುಗಿ ಬರೂ ದಾರಿಗೆ ಏನೂ ಸುತ್ತಬೇಡಿ. ಏಳಿ, ಗಂಜಿ ಆರ್ತದೆ.